ಆಪಿನ ವೇಷ ಹಾಕಿದ ಪುಟ

ನನ್ನ ಮೊಮ್ಮಗಳು ವಂಚನೆ ಮಾಡಿಯೇ ಸಂಬಳ ತರುವುದು. ಇದು ಹೊಟ್ಟೆಕಿಚ್ಚಿನವರ ಮಾತಲ್ಲ, ಅವಳೇ ಹೇಳುವುದು: "ವೆಬ್ ಪೇಜ್‌ಗೆ ಆಪ್ ವೇಷ ಹಾಕ್ತೀನಿ ಅಜ್ಜಿ. ನೋಡಿದವ್ರು ಆಪ್ ಅಂತಾನೇ ನಂಬಬೇಕು." ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನಗೆ ಇಂಥ ಮೊಮ್ಮಗಳು! ದೃಷ್ಟಿ ತೆಗೆದೂ ತೆಗೆದೂ ಮನೆಯಲ್ಲಿ ಒಣಮೆಣಸಿನಕಾಯಿ ಉಳಿಯುವುದಿಲ್ಲ.

ಹಲಸೂರಿನ ಮನೆ ಮಾರಿ ಮಗ ನನ್ನನ್ನು ಮಹದೇವಪುರದ ಅಪಾರ್ಟ್‌ಮೆಂಟಿಗೆ ತಂದಿಟ್ಟ. ಇಲ್ಲಿ ಒಡಹುಟ್ಟಿದ ತಂಗಿ ಬಂದರೂ ನಾನು ಫೋನಿನ ಆಪಿನಲ್ಲಿ ಒಪ್ಪಿಗೆ ಒತ್ತಬೇಕು, ಇಲ್ಲವಾದರೆ ಅವಳು ಗೇಟಿನ ಹೊರಗೇ. ನನ್ನ ಫೋನಿನಲ್ಲೋ ಆ ಆಪಿಗೆ ಜಾಗವಿಲ್ಲ. ಅದರ ತುಂಬ ನಮ್ಮ ಯಜಮಾನರೇ ಇದ್ದಾರೆ. ಮಾರ್ಕೆಟ್ಟಿಗೆ ಹೋದಾಗಲೆಲ್ಲ ವಿಡಿಯೋ ಮಾಡಿ, "ಈ ಬದನೆಕಾಯಿ ಆಗತ್ತೇನೇ?" ಎಂದು ಕೇಳಿ ಕಳಿಸುತ್ತಿದ್ದರು. ಮುಖ ಕಾಣುವುದಿಲ್ಲ, ದನಿ ಇದೆ. ಅವರು ಹೋದ ಮೇಲೆ ನನಗುಳಿದದ್ದು ಅಷ್ಟೇ.

"ಬರೀ ತರಕಾರಿ ಅಮ್ಮ, ಅಳಿಸ್ಬಿಡು. ಬೇಕಾದ್ರೆ ಕಂಪ್ಯೂಟರ್‌ನಲ್ಲಿ ಹಾಕಿಡ್ತೀನಿ" ಎಂದ ಮಗ. ಹೌದಪ್ಪ, ನನ್ನನ್ನು ಮೂಲೆಯ ರೂಮಿನಲ್ಲಿ ಹಾಕಿಟ್ಟ ಹಾಗೆ. ಅಳಿಸುವುದಿಲ್ಲ ಎಂದೆ. ಮರುವಾರ ಬಂದ ತಂಗಿ ಬಿಸಿಲಲ್ಲಿ ನಿಂತು ನಿಂತು ಗೇಟಿನಿಂದಲೇ ಮರಳಿದಳು. ಅವನ ಫೋನಿನಿಂದ ಒಪ್ಪಿಗೆ ಒತ್ತಿಸೋಣವೆಂದರೆ ಮಗ ಆಫೀಸಿನಲ್ಲಿ ಫೋನ್ ಎತ್ತಲಿಲ್ಲ.

ಆಗ ಈ ವಂಚಕಿ ಅಪಾರ್ಟ್‌ಮೆಂಟ್ ಸಂಘದವರನ್ನು ಕಾಡಿ ಒಪ್ಪಿಸಿ, ಅದೇ ಕೆಲಸಕ್ಕೆ ಜಾಗ ತಿನ್ನದ ವೇಷದ ಆಪು ಕಟ್ಟಲು ಕೂತಳು. ಮೊದಲು ನನ್ನ ಹೆಬ್ಬೆರಳಿಗೆ ಕುಂಕುಮ ಮೆತ್ತಿ ಕಾಗದಕ್ಕೆ ಒತ್ತಿಸಿಕೊಂಡಳು.

"ಆಸ್ತಿ ಬರೆಸ್ಕೊಳ್ತಿದೀಯೇನೇ?"

"ಅದನ್ನ ಅಪ್ಪ ಆಗ್ಲೇ ಬರೆಸ್ಕೊಂಡಾಯ್ತಲ್ಲ ಅಜ್ಜಿ. ನಂಗೆ ಬಟನ್ ಎಷ್ಟು ದೊಡ್ಡದಿರ್ಬೇಕು ಅಂತ ಗೊತ್ತಾದ್ರೆ ಸಾಕು."

ಮಗ ಪೇಪರಿನ ಹಿಂದೆ ಮುಖ ಮರೆಸಿಕೊಂಡ.

ಆಮೇಲೆ, ಸಿಗ್ನಲ್ ಇಲ್ಲದಿದ್ದರೂ ಪುಟ ತೆರೆಯುತ್ತದೆಯೇ ನೋಡಬೇಕೆಂದು ಬೇಸ್‌ಮೆಂಟಿನಲ್ಲಿ ಕಾರುಗಳ ನಡುವೆ ಕುರ್ಚಿ ಹಾಕಿ ನನ್ನನ್ನು ಕೂರಿಸಿದಳು. ಕಾರು ತೆಗೆಯಲು ಬಂದ ಪಕ್ಕದ ಮನೆಯಾಕೆ ನಿಂತುಬಿಟ್ಟರು. "ಯಾಕೆ ಆಂಟಿ, ಮನೇಲಿ ಜಗಳಾನಾ?"

"ಇಲ್ಲಮ್ಮ, ಇವಳಿಗೆ ನೆಟ್ ಸಿಗದೇ ಇರೋ ಜಾಗ ಬೇಕಂತೆ."

"ನಮ್ಮನೆಗೇ ಬರ್ಬಹುದಿತ್ತಲ್ರೀ."

ಮೊನ್ನೆ ತಂಗಿ ಬಂದಳು. ಫೋನು ಟಿಣ್ ಎಂದಿತು. ಹೆಬ್ಬೆರಳಗಲದ ಬಟನ್ ಒತ್ತಿದೆ. ಗೇಟು ತೆರೆಯಿತು. ಒಂದು ಬದನೆಕಾಯಿಯೂ ಅಳಿಯಲಿಲ್ಲ.

ತಂಗಿಯನ್ನು ಕಳಿಸಿ ತಿರುಗಿದರೆ, ಮೊಮ್ಮಗಳು ವಿಡಿಯೋ ಮಾಡಲು ತನ್ನ ಫೋನನ್ನು ನನ್ನ ಮುಖಕ್ಕೆ ಹಿಡಿದು ನಿಂತಿದ್ದಾಳೆ.

"ಏನೇ ಇದು?"

"ನನ್ ಫೋನಲ್ಲಿ ಜಾಗ ಖಾಲಿ ಮಾಡಿದೀನಿ ಅಜ್ಜಿ. ಏನಾದ್ರೂ ಬೈಯಿ."

ದಿನವಿಡೀ ಅವಳನ್ನು ಬೈಯುವ ಬಾಯಿ ನನ್ನದು. ಆಗ ಮಾತ್ರ ಬೈಗುಳ ಬಿಟ್ಟು, ದೃಷ್ಟಿ ತೆಗೆಯಲು ಒಣಮೆಣಸಿನಕಾಯಿ ಹುಡುಕಿಕೊಂಡು ಅಡುಗೆಮನೆಗೆ ಹೋದೆ.