ಕಿಟ್ಟಣ್ಣನಿಗೆ ಹೇಳುವವರು ಯಾರು?

ಎಲ್ಲಾ ಶುರುವಾದದ್ದು ಒಂದು ಬಟ್ಟಲು ಸಾಂಬಾರಿನಿಂದ. ಠಾಣೆ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನಲ್ಲಿ ಗಿರಾಕಿಯೊಬ್ಬರು ಇಡ್ಲಿ ಮುಗಿದ ಮೇಲೂ ಮತ್ತೆ ಮತ್ತೆ ಸಾಂಬಾರು ಕೇಳಿದರು. ಸಪ್ಲಯರ್ ಕಿಟ್ಟಣ್ಣ, "ಸಾಬ್, ಇಡ್ಲಿ ತೋ ಕಬ್ ಕಾ ಖತಂ. ಅಬ್ ಸಾಂಬಾರ್ ಸೇ ನಹಾಯೇಂಗೆ ಕ್ಯಾ?" ಎಂದುಬಿಟ್ಟ. ಸಾಂಬಾರಿನಲ್ಲಿ ಸ್ನಾನ ಮಾಡ್ತೀರಾ ಎಂಬ ಮಾತು ಕೇಳಿದ್ದೇ ಗಿರಾಕಿ ಕೆಂಡವಾಗಿ ಎದ್ದು ಹೋದರು. ಅವರು ಹೋಟೆಲಿನ ಧಣಿ ಮುಂಡಪ್ಪನವರು ವಾಸವಿರುವ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿಯಾಗಿರಬೇಕೆ!

ತುಸು ಹೊತ್ತಿಗೇ ಮ್ಯಾನೇಜರ್ ಲತೀಶನಿಗೆ ಧಣಿಗಳ ಫೋನು.

"ಆ ಕಿಟ್ಟನನ್ನು ಇವತ್ತೇ ತೆಗಿ. ಸಂಜೆ ನಾನು ಬರುವಾಗ ಅವ ಇದ್ರೆ, ನೀನೂ ಮನೆಗೆ ನಡಿ."

ಗಲ್ಲಾದಲ್ಲಿ ಕೂತ ಲತೀಶ ಬೆವರಿದ. ಕಿಟ್ಟಣ್ಣ ಅವನ ದೊಡ್ಡಪ್ಪನ ಮಗ. ಹೋಟೆಲಿನಲ್ಲಿ ಲತೀಶನ ಕೈಕೆಳಗಿನವನು, ನಿಜ. ಆದರೆ ದಿವಾ ಎಂಬಲ್ಲಿ ಇಬ್ಬರೂ ಇರುವ ರೂಮು ಕಿಟ್ಟಣ್ಣನದು. ಲೋಕಲ್ ಗಾಡಿಯಲ್ಲಿ ನುಜ್ಜುಗುಜ್ಜಾಗಿ ಅಲ್ಲಿಗೆ ತಲುಪಿದ ಮೇಲೆ ಪಾತ್ರೆ ತೊಳೆಯುವವನು ಲತೀಶ. ಹಗಲು ಹೋಟೆಲಿನಲ್ಲಿ ಕಿಟ್ಟಣ್ಣನಿಗೆ ಗದರಿದರೆ ರಾತ್ರಿ ರೂಮಿನಲ್ಲಿ ಫ್ಯಾನು ಬಂದ್. ಈಗ ಅಣ್ಣನನ್ನು ತೆಗೆದರೆ ಮನೆಯಿಲ್ಲ, ತೆಗೆಯದಿದ್ದರೆ ಕೆಲಸವಿಲ್ಲ. ಸಾಕಪ್ಪಾ ಸಾಕು ಅನ್ನಿಸಿತು ಅವನಿಗೆ.

"ಕಿಟ್ಟಣ್ಣಾ, ಒಂದು ಮಾತಿತ್ತು..."

"ಮೊದ್ಲು ಅಂಗಿಯ ಗುಂಡಿ ಹಾಕು. ಮ್ಯಾನೇಜರಂತೆ, ಮ್ಯಾನೇಜರು!"

ಲತೀಶ ಗುಂಡಿ ಹಾಕಿಕೊಂಡು ವಾಪಸು ಬಂದ.

ಅಡುಗೆಯ ಅಂಬಾದಾಸ ಮೂಗು ತೂರಿಸಿದ. "ಹೊಗಳಿ ಅಟ್ಟಕ್ಕೇರಸ್ರಿ. ಇದು ನನಗ ಸಣ್ಣ ಕೆಲಸ ಅಂತ ತಾನ ಬಿಟ್ಟು ಹೋಗ್ತಾನ."

ಲತೀಶ ಹೊಗಳಿದ. "ನಿಮ್ಮಂಥವ್ರು ಟೇಬಲ್ ಒರೆಸುದಾ ಕಿಟ್ಟಣ್ಣ? ನಿಮ್ಗೆ ದೊಡ್ಡ ಜಾಗ ಬೇಕು."

"ನಂಗೂ ಹಾಗೇ ಅನ್ನಿಸ್ತದೆ ಮಾರಾಯ," ಎಂದ ಕಿಟ್ಟಣ್ಣ. ಎಲ್ಲಿಗೂ ಹೋಗಲಿಲ್ಲ. ಒರೆಸುವ ಬಟ್ಟೆಯನ್ನು ಹೆಗಲಿಗೆ ಹಾಕಿ, ನಡುಮಧ್ಯೆ ನಿಂತು ಎಲ್ಲರಿಗೂ ಕೆಲಸ ಹೇಳತೊಡಗಿದ.

ಸಂಜೆ ಮುಂಡಪ್ಪನವರು ಬಂದೇಬಿಟ್ಟರು.

"ಅವನಿಗೆ ಹೇಳಿದ್ಯಾ?"

"ಅಣ್ಣ ಅಲ್ವಾ ಧಣಿ... ನೀವೇ ಒಂದು ಮಾತು..."

"ಒಬ್ಬನಿಗೆ ಹೋಗು ಅಂತ ಹೇಳ್ಲಿಕ್ಕೆ ಬಾಯಿಲ್ಲ, ನೀನ್ಯಾವ ಸೀಮೆಯ ಮ್ಯಾನೇಜರ್?"

ತಮ್ಮನಿಗೆ ಬೈಯುವುದು ಕೇಳಿ ಕಿಟ್ಟಣ್ಣ ಓಡಿ ಬಂದ. "ಸಣ್ಣವ ಧಣಿ, ಬಿಡಿ. ಯಾರನ್ನು ತೆಗೀಬೇಕು? ನಂಗೆ ಹೇಳಿ."

ಮುಂಡಪ್ಪನವರು ಇಬ್ಬರನ್ನೂ ಅಳೆದು ನೋಡಿದರು. ಆಮೇಲೆ ಲತೀಶನತ್ತ ಬೆರಳು ತೋರಿಸಿ, "ಇವನನ್ನು," ಎಂದರು.

ಕಿಟ್ಟಣ್ಣನ ರೆಪ್ಪೆಯೂ ಅಲುಗಲಿಲ್ಲ. "ಲತೀಶಾ, ನಾಳೆಯಿಂದ ಬರ್ಬೇಡ."

"ಹಾಂ! ಮ್ಯಾನೇಜರ್ ಅಂದ್ರೆ ಹೀಗಿರ್ಬೇಕು," ಎಂದರು ಧಣಿ. " ಇನ್ನು ಗಲ್ಲಾದಲ್ಲಿ ನೀನೇ ಕೂತ್ಕೋ. ಗಿರಾಕಿಗಳ ಟೇಬಲ್ ಹತ್ರ ಮಾತ್ರ ಸುಳಿಬೇಡ."

ಲತೀಶನ ಕಣ್ಣಲ್ಲಿ ನೀರು. ಕಿಟ್ಟಣ್ಣನ ಕರುಳು ಚುರ್ ಎಂದಿತು. "ಧಣಿ, ಹೇಗೂ ಸಪ್ಲಯರ್ ಕೆಲ್ಸ ಖಾಲಿ ಆಯ್ತಲ್ಲ, ಇವ ಇರ್ಲಿ," ಎಂದು ಬೇಡಿ ಒಪ್ಪಿಸಿದ. ಹೆಗಲ ಮೇಲಿನ ಬಟ್ಟೆ ತೆಗೆದು ಲತೀಶನ ಹೆಗಲಿಗೆ ಹಾಕಿ ಬೆನ್ನು ತಟ್ಟಿದ.

"ಅಳ್ಬೇಡ ಮಾರಾಯ. ಇನ್ನು ಹಗಲೂ ರಾತ್ರಿಯೂ ನಿನ್ನನ್ನು ನೋಡಿಕೊಳ್ಲಿಕ್ಕೆ ಅಣ್ಣ ಇದ್ದೇನಲ್ಲ."