ಲೂಶಿಯನ್ನನ ಬಚ್ಚಲುಮನೆಯ ದರ್ಜೆ

ಲೂಶಿಯನ್ ತಿಬೋಗೆ ಪುರಸಭೆಯ ಮೇಲಿದ್ದ ಸಿಟ್ಟು ಇವತ್ತು ನಿನ್ನೆಯದಲ್ಲ. ಆದರೆ ಆ ವರ್ಷದ ಮನೆ ತೆರಿಗೆಯ ಕಾಗದ ಬಂದ ದಿನ ಅದು ನೆತ್ತಿಗೇರಿತು. ಮ್ಯಾಸಚೂಸೆಟ್ಸಿನ ಆ ಪುಟ್ಟ ಊರಿನ ನಲ್ಲಿ, ಕೊಳಾಯಿಗಳನ್ನೆಲ್ಲ ನಲವತ್ತು ವರ್ಷ ರಿಪೇರಿ ಮಾಡಿ, ಮಂಡಿ ಸವೆಸಿಕೊಂಡು ಮನೆಯಲ್ಲಿ ಕೂತವನಿಗೆ 'ನಿಮ್ಮ ಮನೆಯ ಬೆಲೆ ಏರಿದೆ, ಆದ್ದರಿಂದ ತೆರಿಗೆಯೂ ಏರಿದೆ' ಎಂದು ಬರೆದರೆ ಮೈ ಉರಿಯದೆ ಇರುತ್ತದೆಯೇ? (ಮನೆ ಅದೇ, ಸೂರು ಅದೇ, ಸೂರು ಸೋರುವ ಜಾಗವೂ ಅದೇ.)

ಅವನು ಮೂರು ದಿನ ಕೂಗಾಡಿದ. ಹೆಂಡತಿ ಬರ್ನಡೆಟ್ ಮೂರು ದಿನ ಕೇಳಿಸಿಕೊಂಡಳು. ನಾಲ್ಕನೇ ದಿನ ಚರ್ಚಿನಿಂದ ಒಂದು ಚೀಟಿ ತಂದು ಅವನ ಕಾಫಿ ಲೋಟದ ಕೆಳಗಿಟ್ಟಳು. ಅರವತ್ತು ದಾಟಿದ ಮನೆಮಾಲೀಕರು ಪುರಸಭೆಗೆ ನೂರು ಗಂಟೆ ದುಡಿದರೆ ತೆರಿಗೆಯಲ್ಲಿ ಸಾವಿರದೈನೂರು ಡಾಲರ್ ಕಡಿತ.

"ಇದು ಜೀತ," ಎಂದ ಲೂಶಿಯನ್.

"ಜೀತ ಮಾಡು. ಒಲೆಯೆಣ್ಣೆ ದುಡ್ಡೆಲ್ಲ ತೆರಿಗೆಗೆ ಹೋದ್ರೆ ಜನವರೀಲಿ ನಿನ್ನ ಸಿಟ್ಟಲ್ಲೇ ಮೈ ಕಾಯಿಸ್ಕೋಬೇಕಾಗುತ್ತೆ."

ಮನೆ ಬೆಚ್ಚಗಿಡುವ ಒಲೆಗೆ ಚಳಿಗಾಲವಿಡೀ ಎಣ್ಣೆ ಬೇಕು, ಎಣ್ಣೆಗೆ ದುಡ್ಡು ಬೇಕು. ಲೂಶಿಯನ್ ಹಲ್ಲು ಕಡಿಯುತ್ತಲೇ ಹೋಗಿ ಹೆಸರು ಬರೆಸಿದ.

ಲೈಬ್ರರಿಯ ಧೂಳು ಹೊಡೆಯುವ ಕೆಲಸ ಕೊಡುತ್ತಾರೆಂದುಕೊಂಡಿದ್ದ. ಕೊಟ್ಟದ್ದು ಅಳತೆಯ ಟೇಪು ಮತ್ತು ಊರಿನ ಮನೆಗಳ ದಾಖಲೆಯ ಒಂದು ಕಟ್ಟು ಕಾರ್ಡು. ಮನೆ ಮನೆಗೆ ಹೋಗಿ, ದಾಖಲೆಯಲ್ಲಿಲ್ಲದ ಹೊಸ ಕೋಣೆ, ಜಗಲಿ ಏನಿದೆಯೋ ಅಳೆದು, ಕಟ್ಟಡದ ದರ್ಜೆ ಬರೆಯಬೇಕು: ಉತ್ತಮ, ಸಾಧಾರಣ, ಕಳಪೆ. ದರ್ಜೆ ಏರಿದಷ್ಟೂ ತೆರಿಗೆ. ಯಾರೂ ತಮ್ಮ ಮನೆಯನ್ನು ತಾವೇ ಅಳೆಯುವಂತಿಲ್ಲ.

ಮೊದಲೇ ಕೋತಿ, ಮೇಲೆ ಹೆಂಡ ಕುಡಿಸಿದ ಹಾಗಾಯಿತು. ತಾನೊಬ್ಬನೇ ಯಾಕೆ ಸಾಯಬೇಕು, ಊರೇ ಕಟ್ಟಲಿ ಎಂದು ಲೂಶಿಯನ್ ನಾಯಿಗೂಡನ್ನೂ ಬಿಡದೆ ಅಳೆದ. ಪಕ್ಕದ ಮನೆಯ ಆಗಸ್ಟಮ್ಮ ಹಿತ್ತಿಲಲ್ಲಿ ಸದ್ದಿಲ್ಲದೆ ಕಟ್ಟಿಸಿಕೊಂಡಿದ್ದ ಗಾಜಿನ ಕೋಣೆ ಸಿಕ್ಕಿದ ದಿನವಂತೂ ಅವನಿಗೆ ಹಬ್ಬ. 'ಉತ್ತಮ' ಎಂದು ಬರೆದು ಎರಡು ಗೆರೆ ಎಳೆದ. ಶಾಲೆಯಿಂದ ನಿವೃತ್ತರಾದ ಎಪ್ಪತ್ತೆಂಟರ ಆ ಮೇಡಂ ಕಿಟಕಿಯಿಂದ ನೋಡುತ್ತಿದ್ದರು, ಏನೂ ಅನ್ನಲಿಲ್ಲ.

ಅನ್ನುವುದಕ್ಕೆ ಅವರಿಗೆ ಬೇರೆ ದಾರಿ ಇತ್ತು. ಅವರೂ ಅದೇ ಯೋಜನೆಯಲ್ಲಿ ಹೆಸರು ಬರೆಸಿದ್ದರು. ಮುಂದಿನ ವಾರ ಲೂಶಿಯನ್ನನ ಮನೆಯ ಕಾರ್ಡು ಹಿಡಿದು ಬಂದು ಬಾಗಿಲು ತಟ್ಟಿದರು.

ಲೂಶಿಯನ್ ಹೆದರಲಿಲ್ಲ. ಹೊರಗಿನಿಂದ ಎಷ್ಟು ಅಳೆದರೂ ಮನೆ ಅಷ್ಟೇ ಇತ್ತು. ಹನ್ನೊಂದು ವರ್ಷದ ಹಿಂದೆ, ಯಾರ ಅನುಮತಿಯೂ ಇಲ್ಲದೆ, ಅಡುಗೆಮನೆಯ ಹಿಂದಿನ ಉಗ್ರಾಣವನ್ನು ತಾನೇ ಕೈಯಾರೆ ಬಚ್ಚಲುಮನೆ ಮಾಡಿದ್ದು ಹೊರಗಿನವರಿಗೆ ಕಾಣುವಂತಿರಲಿಲ್ಲ. ಟೇಪಿನ ಇನ್ನೊಂದು ತುದಿಯನ್ನು ತಾನೇ ಹಿಡಿದುಕೊಂಡು ಮನೆ ಸುತ್ತ ಸಹಕರಿಸಿದ.

ಅಳತೆ ಮುಗಿಯುವ ಹೊತ್ತಿಗೆ ಚಳಿಗೆ ಆಗಸ್ಟಮ್ಮನಿಗೆ ಬಚ್ಚಲಿಗೆ ಹೋಗಬೇಕೆನಿಸಿತು. ಒಳಗೆ ಬಂದು ಮಹಡಿಯ ಮೆಟ್ಟಿಲು ನೋಡಿ ನಿಟ್ಟುಸಿರು ಬಿಟ್ಟರು.

"ಅಯ್ಯೋ, ಮೇಲೆ ಯಾಕೆ ಹತ್ತುತೀರಿ? ಇಲ್ಲೇ ಅಡುಗೆಮನೆ ಹಿಂದೆ ಇದೆ," ಎಂದಳು ಬರ್ನಡೆಟ್.

ಲೂಶಿಯನ್ ಕಣ್ಣು ಮಿಟುಕಿಸಿದ, ಕೆಮ್ಮಿದ, ಕುರ್ಚಿ ಬೀಳಿಸಿದ. ಹೆಂಡತಿ ಕೆಮ್ಮಿಗೆ ಜೇನು ತರಲೇ ಎಂದು ಕೇಳಿದಳು.

ಆಗಸ್ಟಮ್ಮ ಬಚ್ಚಲಿನಿಂದ ಹೊರಗೆ ಬಂದವರೇ ಕನ್ನಡಕ ಏರಿಸಿ ಕಾರ್ಡು ನೋಡಿದರು. "ಇದರಲ್ಲಿ ಉಗ್ರಾಣ ಅಂತಿದೆ."

ಬರ್ನಡೆಟ್‌ಗೆ ಆಗ ಅರ್ಥವಾಗಿ ಮುಖ ಬಿಳಿಚಿಕೊಂಡಿತು.

ಆಗಸ್ಟಮ್ಮ ಅವಳ ಕೈ ತಟ್ಟಿದರು. "ಹೋಗಲಿ ಬಿಡಮ್ಮ, ನಾನೂ ಚಳಿಗಾಲ ಕಳೀಬೇಕಾದವಳೇ. ಮನೆಯವರೇ ಅವಸರದಲ್ಲಿ ಮಾಡ್ಕೊಂಡ ಕೆಲಸ, 'ಕಳಪೆ' ಅಂತ ಬರೀತೀನಿ. ಕಳಪೆ ಕೋಣೆ ಅವರ ಲೆಕ್ಕಕ್ಕೇ ಬರಲ್ಲ, ತೆರಿಗೇನೂ ಇಲ್ಲ, ದಂಡಾನೂ ಇಲ್ಲ."

ದೇವರು ಕಣ್ಣು ಬಿಟ್ಟ ಎಂದು ಬರ್ನಡೆಟ್ ಶಿಲುಬೆಯ ಗುರುತು ಮಾಡಿಕೊಂಡಳು. ಲೂಶಿಯನ್ನನ ಕಿವಿಗೆ ಮಾತ್ರ ಒಂದೇ ಶಬ್ದ ಬಿದ್ದಿತ್ತು.

"ಕಳಪೆ?" ಎಂದ.

ಬರ್ನಡೆಟ್ ಅವನ ಕಾಲು ತುಳಿದಳು. ಪ್ರಯೋಜನವಾಗಲಿಲ್ಲ. ಅವನು ಮೇಡಮ್ಮನ್ನು ಮತ್ತೆ ಬಚ್ಚಲಿಗೆ ಕರೆದೊಯ್ದು ನಲ್ಲಿ ತಿರುಗಿಸಿದ, ನಿಲ್ಲಿಸಿದ, ಕೆಳಗೆ ಕೈಯೊಡ್ಡಿದ. ಬಗ್ಗಿ ಕೊಳಾಯಿಯ ಬೆಸುಗೆ ತೋರಿಸಿದ. ಟೈಲುಗಳ ಸಂದಿಯಲ್ಲಿ ಉಗುರು ಹೋದರೆ ತನ್ನ ಹೆಸರು ಬದಲಾಯಿಸಿ ಎಂದ.

"ಹನ್ನೊಂದು ವರ್ಷ ಆಯ್ತು, ಒಂದು ಹನಿ ಸೋರಿಲ್ಲ. ನಿಮ್ಮ ಆ ಗಾಜಿನ ಗೂಡು ಉತ್ತಮ, ನನ್ನ ಕೆಲಸ ಕಳಪೆನಾ? ಅಳಿಸಿ ಅದನ್ನ. 'ಉತ್ತಮ' ಅಂತ ಬರೀರಿ."

"ಯೋಚಿಸಿ ಹೇಳ್ತಿದ್ದೀರಾ?" ಎಂದರು ಆಗಸ್ಟಮ್ಮ, ತಪ್ಪು ಲೆಕ್ಕ ಮಾಡಿದ ಹುಡುಗನನ್ನು ಕೇಳುವ ಧ್ವನಿಯಲ್ಲಿ.

"ಬರೀರಿ ಅಂದೆ. ಎರಡು ಗೆರೆ ಎಳೀರಿ."

ಅವರು ಬರೆದರು, ಎರಡು ಗೆರೆ ಎಳೆದರು. ಕೆಳಗೆ ಅವನ ಸಹಿಯನ್ನೂ ಹಾಕಿಸಿಕೊಂಡರು.

ಜನವರಿಯಲ್ಲಿ ಪುರಸಭೆಯಿಂದ ಎರಡು ಕಾಗದ ಬಂದವು. ಒಂದರಲ್ಲಿ ಹಿರಿಯ ನಾಗರಿಕರ ಸೇವೆಗೆ ಸಾವಿರದೈನೂರು ಡಾಲರ್ ಕಡಿತ ಮತ್ತು ಹೃತ್ಪೂರ್ವಕ ವಂದನೆ. ಇನ್ನೊಂದರಲ್ಲಿ ಅನುಮತಿಯಿಲ್ಲದ ಬಚ್ಚಲುಮನೆಗೆ ದಂಡ ಮತ್ತು ಏರಿದ ತೆರಿಗೆ. ಎರಡನೆಯದು ಮೊದಲನೆಯದನ್ನು ನುಂಗಿ, ಎಣ್ಣೆಯ ದುಡ್ಡಿಗೂ ಕೈ ಹಾಕಿತ್ತು.

ಬರ್ನಡೆಟ್ ಬೈಯಲಿಲ್ಲ. ದೊಡ್ಡ ಒಲೆ ಆರಿಸಿದಳು. ಮನೆಯಲ್ಲಿ ತೀರಾ ಚಿಕ್ಕ ಕೋಣೆ ಯಾವುದೋ ಅಲ್ಲಿಗೆ ಒಂದು ಪುಟ್ಟ ಹೀಟರು, ಎರಡು ಕುರ್ಚಿ, ಹೆಣಿಗೆಯ ಬುಟ್ಟಿ ಸಾಗಿಸಿ ಗಂಡನನ್ನು ಕರೆದಳು.

"ಬಾ, ಕೂತ್ಕೋ. ವಸಂತ ಬರೋವರೆಗೂ ಇಲ್ಲೇ. ಉತ್ತಮ ದರ್ಜೆ ಅಲ್ವಾ."

ಲೂಶಿಯನ್ ಕೋಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು ಕಮೋಡಿನ ಪಕ್ಕದ ಕುರ್ಚಿಯಲ್ಲಿ ಕೂತ. ನಲ್ಲಿಯನ್ನೇ ಬಹಳ ಹೊತ್ತು ದಿಟ್ಟಿಸಿ ನೋಡಿದ. ಹಾಳಾದ್ದು, ಒಂದು ಹನಿಯೂ ಸೋರಲಿಲ್ಲ.