ಕಡಗೋಲಿಯಾ ಇಂಡಿಕಾ

ನಮ್ಮ ಮಾವಶಿಗೆ ಒಂದು ಗಿಡದ ಹೆಸರೂ ಗೊತ್ತಿಲ್ಲ ಎಂದು ಅರ್ಧ ಪುಣೆ ನಂಬಿತ್ತು! ಪುಣೆಯವರನ್ನು ಬೈದು ಪ್ರಯೋಜನವಿಲ್ಲ. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವ ಟೀಚರೊಬ್ಬಳು ಪ್ರತಿ ಶನಿವಾರ ಒಂಬತ್ತನೆಯ ಇಯತ್ತೆಯ ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಬರುತ್ತಾಳೆ. ವಾಕಿಂಗಿಗೆ ಬಂದ ಹಿರಿಯರು, ಇದು ಯಾವ ಗಿಡ ಎಂದು ವಿನಯದಿಂದ ಕೇಳಿದರೆ, ಗೊತ್ತಾಗಬೇಕಾದರೆ ಕೂತು ನೋಡಿ ಎನ್ನುತ್ತಾಳೆ. ಅವರಾದರೂ ಏನು ತಿಳಿದುಕೊಳ್ಳಬೇಕು?

ಮಾವಶಿ ಎಂದರೆ ಅವ್ವನ ತಂಗಿ. ಧಾರವಾಡದಲ್ಲಿ ಸಸ್ಯಶಾಸ್ತ್ರ ಓದಿ, ನೌಕರಿ ಸಿಕ್ಕಿತೆಂದು ಪುಣೆಗೆ ಬಂದವಳು ಖಡಕಿಯ ನಮ್ಮ ಕ್ವಾರ್ಟರ್ಸಿನಲ್ಲೇ ಉಳಿದಳು. ನನ್ನ ದುರ್ದೈವಕ್ಕೆ ನಾನೂ ಆಕೆಯ ಶಾಲೆಯಲ್ಲೇ ಇದ್ದೆ. ಜೂನಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗಿಡ ಹಂಚುತ್ತಿದ್ದಳು. ಅದರೆದುರು ಅರ್ಧ ತಾಸು ತೆಪ್ಪಗೆ ಕೂತು, ಕಂಡದ್ದೊಂದನ್ನು ವಹಿಯಲ್ಲಿ ಬರೆಯಬೇಕು. ಹೆಸರು ಮಾತ್ರ ಕೇಳುವಂತಿಲ್ಲ! ಯಾರಾದರೂ ಹಿತ್ತಲ ಬಾಗಿಲಿನಿಂದ ತಿಳಿದುಕೊಂಡು ಬಂದರೆ ಅವರ ಗಿಡ ಬದಲಾಗುತ್ತಿತ್ತು. ಮಾರ್ಚಿನ ಕೊನೆಯ ಶನಿವಾರ, ಮೂವತ್ತು ಸಂಗತಿ ಬರೆದವರನ್ನು ಹತ್ತಿರ ಕರೆದು, ತೊಟ್ಟಿಲಲ್ಲಿಟ್ಟ ಕೂಸಿಗೆ ಹೇಳಿದ ಹಾಗೆ ಕಿವಿಯಲ್ಲಿ ಹೆಸರು ಹೇಳುತ್ತಿದ್ದಳು.

"ಹೆಸರು ತಿಳೀತಂದ್ರ ನೋಡೋದು ನಿಲ್ಲತದ," ಎನ್ನುವುದು ಆಕೆಯ ವೇದವಾಕ್ಯ. ಶಾಲೆಯಲ್ಲಿ ಮರಾಠಿಯಲ್ಲಿ, ಮನೆಯಲ್ಲಿ ಕನ್ನಡದಲ್ಲಿ, ಒಟ್ಟಿನಲ್ಲಿ ನನಗೆ ಎರಡು ಸಲ ಕೇಳುತ್ತಿತ್ತು.

ದೂರದಿಂದ ನೋಡಿದವರಿಗೆ ಇದು ಬೇರೆಯೇ ಕಾಣುತ್ತಿತ್ತು. ಒಂದೊಂದು ಗಿಡಕ್ಕೆ ಒಂದೊಂದು ಮಗು ಮುಖ ಮಾಡಿ ಮೌನವಾಗಿ ಕೂತಿದೆ, ನಡುವೆ ಛತ್ರಿ ಹಿಡಿದ ಹೆಂಗಸೊಬ್ಬಳು ತಿರುಗಾಡುತ್ತಿದ್ದಾಳೆ. ಶಿಕ್ಷೆಯಲ್ಲದೆ ಮತ್ತೇನು? ಒಮ್ಮೆ ಒಬ್ಬ ಅಜ್ಜಿ ನನ್ನ ಕೈಗೆ ಪೆಪ್ಪರ್ಮಿಂಟು ಇಟ್ಟು, ಪಾಪ ಏನು ತಪ್ಪು ಮಾಡಿದೆಯೋ ಬಾಳಾ ಎಂದು ವಿಚಾರಿಸಿದಳು. ಬಹಳ ದೊಡ್ಡ ತಪ್ಪು ಎಂದೆ. ಇನ್ನೊಂದು ಸಿಕ್ಕಿತು.

ಈ ರೋಗ ಪಾರ್ಕಿಗಷ್ಟೇ ಸೀಮಿತವಾಗಿರಲಿಲ್ಲ. ಅಕ್ಕನಿಗೆ ಸೊಲ್ಲಾಪುರದ ವರನೊಬ್ಬನ ಸುದ್ದಿ ಬಂದಾಗ ಮೊದಲು ನೋಡಿಕೊಂಡು ಬರಲು ಮಾವಶಿಯನ್ನು ಕಳಿಸಿದರು. ತಿರುಗಿ ಬಂದವಳಿಗೆ ಹುಡುಗನ ಪೂರ್ತಿ ಹೆಸರು ಗೊತ್ತಿಲ್ಲ, ಗೋತ್ರ ಗೊತ್ತಿಲ್ಲ, ಯಾವ ಆಫೀಸು ಎನ್ನುವುದೂ ಗೊತ್ತಿಲ್ಲ!

"ಅವಲಕ್ಕಿಯೊಳಗಿನ ಶೇಂಗಾ ಆರಿಸಿ ತಂಗೀ ತಾಟಿಗೆ ಹಾಕ್ತಾನ," ಎಂದಳು. "ಅವ್ವ ನೀರು ಕೇಳೋಕಿಂತ ಮೊದಲ ಏಳ್ತಾನ. ಕೊಡ್ರಿ."

ಅಪ್ಪ ಹಣೆ ಹಣೆ ಬಡಿದುಕೊಂಡರು. ಆದರೂ ಕೊಟ್ಟರು. ಭಾವ ಈಗ ಶೇಂಗಾ ಆರಿಸಿ ಅಕ್ಕನ ತಾಟಿಗೆ ಹಾಕುತ್ತಾರೆ.

ನಾನು ಒಂಬತ್ತರಲ್ಲಿದ್ದ ವರ್ಷವೇ ಶನಿವಾರಕ್ಕೆ ಕುತ್ತು ಬಂತು. ಮಕ್ಕಳು ಗಿಡದ ಬುಡದಲ್ಲಿ ಕೂತು ಎದ್ದು ಬರುತ್ತಾರೆ, ಕೇಳಿದರೆ ಒಂದು ಹೆಸರೂ ಬಾರದು, ಮುಂದಿನ ವರ್ಷ ಬೋರ್ಡ್ ಪರೀಕ್ಷೆ ಇದೆ ಎಂದು ಪಾಲಕರು ದೂರು ಕೊಟ್ಟರು. ಜನವರಿಯಲ್ಲಿ ಶಿಕ್ಷಣ ಇಲಾಖೆಯ ಸಾಹೇಬರೊಬ್ಬರು ಪಾರ್ಕಿಗೇ ಬಂದು ಪರೀಕ್ಷಿಸುತ್ತಾರೆ, ಅವರು ಒಪ್ಪದಿದ್ದರೆ ಶನಿವಾರ ಬಂದ್ ಎಂದು ಹೆಡ್‌ಮಾಸ್ತರರು ಹೇಳಿದರು. ಇದೊಂದು ಸಲ ಹೆಸರು ಹೇಳಿಕೊಟ್ಟುಬಿಡು ಎಂದು ಅವ್ವ ಪರಿಪರಿಯಾಗಿ ಬೇಡಿಕೊಂಡಳು. ಮಾವಶಿ ಜಪ್ಪಯ್ಯ ಎನ್ನಲಿಲ್ಲ. ಆದರೆ ಸಾಹೇಬರು ಬರುವ ದಿನ ಬೆಳಿಗ್ಗೆ ತಾಟಿನಲ್ಲಿದ್ದ ಭಕ್ರಿಯನ್ನು ಮುಟ್ಟದೆ ಎದ್ದಳು. ಉಣ್ಣದೆ ಎದ್ದ ಮಾವಶಿಯನ್ನು ನಾನು ನೋಡಿದ್ದು ಅದೇ ಮೊದಲು.

ಸಾಹೇಬರು ಮೊದಲನೆಯ ಹುಡುಗಿಯ ಬಳಿ ಹೋಗಿ ಗಿಡದ ಹೆಸರು ಕೇಳಿದರು. ಗೊತ್ತಿಲ್ಲ. ಎರಡನೆಯವನಿಗೂ ಗೊತ್ತಿಲ್ಲ. ಮೂರನೆಯವಳು, ಹೆಸರು ಗೊತ್ತಿಲ್ಲ ಸರ್, ಆದರೆ ಇದರ ಎಲೆ ಮೂಡಣ ಕಡೆಯಿಂದ ಉದುರುತ್ತದೆ ಎಂದಳು. ಸಾಹೇಬರಿಗೆ ಮೂಡಣ ಬೇಕಾಗಿರಲಿಲ್ಲ. ಹೆಡ್‌ಮಾಸ್ತರರ ಮುಖ ಹರಳೆಣ್ಣೆ ಕುಡಿದಂತಾಯಿತು. ಮಾವಶಿ ಛತ್ರಿಯ ಹಿಡಿಕೆಯನ್ನು ತಿರುವುತ್ತಾ ನಿಂತಿದ್ದಳು. ನಾಲ್ಕನೆಯವನು ನಾನು.

ನನ್ನ ಗಿಡ ನಲ್ಲಿಯ ಪಕ್ಕದ್ದು. ಎಂಟು ತಿಂಗಳು ಅದನ್ನು ನೋಡಿದ್ದೆ. ಕಾಂಡದ ಮೇಲೆ ಸುತ್ತು ಸುತ್ತಾಗಿ, ಪ್ರತಿ ಸುತ್ತಿನಲ್ಲೂ ಒಂದೇ ಜಾಗದಿಂದ ಟೊಂಗೆಗಳು ಸುತ್ತಲೂ ಚಾಚಿಕೊಳ್ಳುತ್ತಿದ್ದವು. ಅವ್ವ ಮಜ್ಜಿಗೆ ಕಡೆಯುವ ಕಡಗೋಲನ್ನು ತಲೆಕೆಳಗು ಮಾಡಿ ನೆಟ್ಟಂತೆ ಎಂದು ಎಷ್ಟೋ ಸಲ ಅನಿಸಿತ್ತು. ಸಾಹೇಬರು ನನ್ನ ಮುಖ ನೋಡಿದರು. ನಾನು ಮಾವಶಿಯ ಮುಖ ನೋಡಿದೆ. ನನ್ನ ಬಾಯಿ ತಾನಾಗಿಯೇ ತೆರೆಯಿತು.

"ಕಡಗೋಲಿಯಾ ಇಂಡಿಕಾ, ಸರ್."

ಸಾಹೇಬರ ಮುಖ ಅರಳಿತು! ಸ್ಪೆಲಿಂಗ್ ಕೇಳಿ ಬರೆದುಕೊಂಡರು. ಕಾಲೇಜಿನಲ್ಲಿ ಓದಿದ ನೆನಪು ಎಂದೂ ಹೇಳಿದರು! ನಾನು ಕೆಟ್ಟ ಧೈರ್ಯದಿಂದ ಉಳಿದದ್ದನ್ನೆಲ್ಲ ಒದರಿದೆ. ಎಲೆ ಕಿತ್ತರೆ ಹಾಲು ಬರುತ್ತದೆ, ಬಿಸಿಲು ಮೂರನೆಯ ಸುತ್ತಿನ ಟೊಂಗೆಗೆ ಬಂದಾಗ ಅಳಿಲು ಇಳಿಯುತ್ತದೆ, ನಲ್ಲಿ ಸೋರುವ ಕಡೆಗಷ್ಟೇ ಪಾಚಿ ಇದೆ. ಇವೆಲ್ಲ ಅಪ್ಪಟ ನಿಜ. ಶನಿವಾರ ಉಳಿಯಿತು. ಅಷ್ಟು ಮರಾಠಿ ಮಂದಿಯ ನಡುವೆ ಕಡಗೋಲು ಎಂದರೇನು ಎಂದು ತಿಳಿದವಳು ಒಬ್ಬಳೇ. ಆಕೆ ಬಗ್ಗಿ ಬಹಳ ಹೊತ್ತು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು.

ನಕ್ಕಳು ಎಂದುಕೊಂಡೆ. ಖಡಕಿಯಲ್ಲಿ ಬಸ್ಸಿಳಿದ ಮೇಲೆ ನಿಂತಳು.

"ಸುಳ್ಳ ಹೇಳಿದಿ."

ಹೌದೆಂದೆ.

"ನನ್ನ ಸಲುವಾಗಿ ಹೇಳಿದಿ, ಗೊತ್ತದ. ನಾನೂ ಸುಮ್ಮನ ನಿಂತೆ. ಅದು ನನ್ನ ತಪ್ಪು. ಆದ್ರ ನಿನಗ ಆ ಗಿಡದ ಹೆಸರು ಹೇಳಂಗಿಲ್ಲ."

ಮಾರ್ಚಿನಲ್ಲಿ ಎಲ್ಲರ ಕಿವಿಗೂ ಹೆಸರು ಬಿತ್ತು, ನನ್ನದೊಂದನ್ನು ಬಿಟ್ಟು. ಯಾರನ್ನಾದರೂ ಕೇಳಬಹುದಿತ್ತು, ನಿಜ. ಆದರೆ ಮಾವಶಿಯಿಂದಲ್ಲದೆ ಬೇರೆಯವರಿಂದ ತಿಳಿದುಕೊಳ್ಳುವುದಿಲ್ಲ ಎಂದು ನನಗೂ ಹಟ ಬಂತು. ಒಂದೇ ರಕ್ತ ನೋಡಿ! ಮುಂದೆ ಪಾರ್ಕಿನಲ್ಲಿ ಗಿಡಗಳಿಗೆ ತಗಡಿನ ಫಲಕ ಹಾಕಿದಾಗ, ಸಾಹೇಬರ ವರದಿಯ ಪುಣ್ಯದಿಂದ, ನನ್ನ ಗಿಡದ ಮೇಲೆ ದಪ್ಪ ಅಕ್ಷರದಲ್ಲಿ ಕಡಗೋಲಿಯಾ ಇಂಡಿಕಾ ಎಂದೇ ಬಂತು! ಪೇಪರಿನಲ್ಲಿ ಒಂದು ಹೂವಿನ ಹೆಸರು ತಪ್ಪಾದರೂ ಸಂಪಾದಕರಿಗೆ ಪತ್ರ ಬರೆಯುವ ಮಾವಶಿ ಈ ಫಲಕದ ಬಗ್ಗೆ ಚಕಾರ ಎತ್ತಲಿಲ್ಲ. ಏಕೆಂದು ಕೇಳುವ ಧೈರ್ಯ ನನಗಿರಲಿಲ್ಲ.

ನಿವೃತ್ತಿಯಾದ ಮೇಲೂ ಆಕೆ ಶನಿವಾರ ಬಿಡಲಿಲ್ಲ. ನಾನು ನೌಕರಿಗೆ ಸೇರಿ ಕೆಲವು ವರ್ಷಗಳಾಗಿದ್ದವು, ಬಚ್ಚಲಿನಲ್ಲಿ ಜಾರಿ ಕಾಲು ಮುರಿದುಕೊಂಡಳು. ನೋವಿಗಿಂತ ಹೆಚ್ಚಾಗಿ ಮಕ್ಕಳನ್ನು ಯಾರು ಕರೆದುಕೊಂಡು ಹೋಗಬೇಕು ಎಂದು ಕಣ್ಣೀರು ಹಾಕಿದಳು. ನಾನು ಹೋಗುತ್ತೇನೆ ಎಂದೆ. ಯಾರಿಗೂ ಮುಟ್ಟಗೊಡದ ಹಸಿರು ವಹಿಯನ್ನು ದಿಂಬಿನ ಕೆಳಗಿನಿಂದ ತೆಗೆದು ಕೊಟ್ಟಳು.

ಪಾರ್ಕಿನಲ್ಲಿ ಮಕ್ಕಳನ್ನು ಕೂರಿಸಿ ವಹಿ ಬಿಚ್ಚಿದೆ. ಗಿಡಕ್ಕೊಂದು ಹಾಳೆ. ಮೇಲೆ ಹೆಸರು, ಕೆಳಗೆ ವರ್ಷ ವರ್ಷದ ಮಕ್ಕಳು ಕಂಡದ್ದು. ನನ್ನ ಗಿಡದ ಹಾಳೆಯಲ್ಲಿ ಹೆಸರಿನ ಮೇಲೊಂದು ಚೀಟಿ ಅಂಟಿಸಿತ್ತು. ಅಂಟು ಹಳೆಯದಾಗಿ ಒಂದು ಮೂಲೆ ಎದ್ದಿತ್ತು. ಚೀಟಿಯ ಮೇಲೆ ಮಾವಶಿಯ ಅಕ್ಷರ: "ಕಡಗೋಲಿಯಾ ಇಂಡಿಕಾ. ಹೆಸರಿಟ್ಟವನು ನಮ್ಮ ಹುಡುಗ. ಎಂಟು ತಿಂಗಳು ನೋಡಿ ಇಟ್ಟದ್ದು. ಟೊಂಗೆಗಳು ಕಡಗೋಲಿನ ಹಾಗೆಯೇ ಇವೆ."

ಉಗುರು ತಾಗಿಸಿದ್ದರೆ ಚೀಟಿ ಎದ್ದು ಬರುತ್ತಿತ್ತು. ನಾನು ವಹಿ ಮುಚ್ಚಿದೆ. ಗಿಡದ ಕಡೆ ನೋಡಿದರೆ ಎಲ್ಲವೂ ಮಸುಕಾಗಿ ಕಂಡಿತು.

ಮಧ್ಯಾಹ್ನ ಮನೆಗೆ ಹೋದಾಗ ಮಾವಶಿ ಕಾಟಿನ ಮೇಲೆ ಬಾಗಿಲ ಕಡೆಗೇ ಕಣ್ಣಿಟ್ಟು ಮಲಗಿದ್ದಳು. ವಹಿ ತೆಗೆದುಕೊಂಡು ನೇರವಾಗಿ ಆ ಹಾಳೆಯನ್ನೇ ಬಿಚ್ಚಿ, ಚೀಟಿಯ ಮೂಲೆಯನ್ನು ಬೆರಳಿನಿಂದ ಸವರಿ ನೋಡಿದಳು.

"ಕಿತ್ತಿಲ್ಲಲ್ಲ," ಎಂದಳು.

"ಇಲ್ಲ ಮಾವಶಿ."

ವಹಿ ಮುಚ್ಚಿ ದಿಂಬಿನ ಕೆಳಗಿಟ್ಟಳು. "ಬಗ್ಗು. ಕಿವಿ ಕೊಡು."

ಮೀಸೆ ಹೊತ್ತ ನಾನು ಕಾಟಿನ ಪಕ್ಕ ಮಂಡಿಯೂರಿ ಬಗ್ಗಿದೆ. ಅಮೃತಾಂಜನದ ವಾಸನೆ ಬಂತು. ಮಾವಶಿ ನನ್ನ ಕಿವಿಯ ಸುತ್ತ ಅಂಗೈ ಮರೆ ಮಾಡಿ ಹೇಳಿದಳು.

ಏನು ಹೆಸರು ಎಂದು ನನ್ನನ್ನು ಕೇಳಬೇಡಿ. ಗಿಡ ಇನ್ನೂ ಅಲ್ಲೇ, ನಲ್ಲಿಯ ಪಕ್ಕದಲ್ಲಿದೆ. ಹೋಗಿ ಕೂತುಕೊಳ್ಳಿ.